ಶಬ್ದದಿಂದ ಸಮತೋಲದ ಪರೀಕ್ಷೆ

ಕಿವಿಯೆಂದರೆ ಕೇಳುವ ಇಂದ್ರಿಯವೆಂಬುದು ರೂಢಿಯ ಮಾತು. ಪಂಚೇಂದ್ರಿಯಗಳನ್ನು ಎಣಿಸುವಾಗಲೂ ಶ್ರೋತ್ರಕ್ಕೆ ಶಬ್ದವೊಂದೇ ವಿಷಯವೆಂದು ಹೇಳುವುದುಂಟು. ಆದರೆ ಒಳಗಿವಿಯು ಮಾಡುವ ಕಾರ್ಯಗಳು ಎರಡು. ಅದರಲ್ಲಿ ಶಂಖದಂತೆ ಸುರುಳಿಗೊಂಡ ಭಾಗವು ಶ್ರವಣಕ್ಕೆ ಸಾಧನ. ಅದನ್ನು ಹೊಂದಿಕೊಂಡಿರುವ ಐದು ಸಣ್ಣ ಅಂಗಗಳು ದೇಹದ ಸಮತೋಲಕ್ಕೆ ಸಾಧನ. ಈ ಐದರಲ್ಲಿ ಮೂರು ಅರ್ಧವೃತ್ತಾಕಾರದ ನಾಳಗಳು; ತಲೆ ತಿರುಗಿದುದನ್ನು ಇವು ಗ್ರಹಿಸುತ್ತವೆ. ಉಳಿದವೆರಡು ಸ್ಯಾಕ್ಯೂಲ್, ಯುಟ್ರಿಕಲ್ ಎಂಬ ಚೀಲಗಳು. ಇವುಗಳೊಳಗೆ ಸೂಕ್ಷ್ಮ ರೋಮಗಳುಳ್ಳ ಜೀವಕೋಶಗಳ ಮೇಲೆ ಸುಣ್ಣದ ಹರಳುಗಳು ಹರಡಿರುತ್ತವೆ. ತಲೆ ವಾಲಿದಾಗ, ಅಥವಾ ದೇಹವು ನೇರವಾಗಿ ಸರಿದಾಗ, ಹರಳುಗಳ ಭಾರವು ರೋಮಗಳನ್ನು ಬಾಗಿಸುವುದು. ಅದರಿಂದ ಮೆದುಳಿಗೆ ಸುದ್ದಿ ಮುಟ್ಟುವುದು.

ಈ ಅಂಗಗಳನ್ನು ಪರೀಕ್ಷಿಸುವ ಹಳೆಯ ಕ್ರಮವನ್ನು ರೂಢಿಗೆ ತಂದವನು ರಾಬರ್ಟ್ ಬಾರಾನಿ. ಕಿವಿಯೊಳಗೆ ಬೆಚ್ಚನೆಯ ಅಥವಾ ತಣ್ಣನೆಯ ನೀರನ್ನು ಬಿಟ್ಟು, ಕಣ್ಣುಗುಡ್ಡೆಗಳ ಅದುರುವಿಕೆಯನ್ನು ನೋಡುವುದೇ ಆ ಕ್ರಮ. 1914ನೆಯ ವರ್ಷದ ನೊಬೆಲ್ ಬಹುಮಾನವು ಅವನಿಗೆ ಸಂದಿತು. ಆದರೆ ಈ ಪರೀಕ್ಷೆಯು ಮುಖ್ಯವಾಗಿ ಐದು ಅಂಗಗಳಲ್ಲಿ ಒಂದನ್ನು, ಎಂದರೆ ಅಡ್ಡನಾಳವನ್ನು ಮಾತ್ರ ಮುಟ್ಟುತ್ತದೆ. ಆದುದರಿಂದ, ನೆಲವೇ ವಾಲಿದಂತಾಗುವುದೆಂದು ಹೇಳುವ ರೋಗಿಯಲ್ಲಿ ಪರೀಕ್ಷೆಯು ನಿರ್ದೋಷವಾಗಿ ಕಂಡುಬಂದರೆ, ಅವನ ವ್ಯಾಧಿಯು ಕೇವಲ ಮನಸ್ಸಿನದೆಂದು ಎಣಿಸುವ ಅಪಾಯವಿತ್ತು. ಹರಳುಚೀಲಗಳನ್ನು ಬೇರೆಯಾಗಿ ಪರೀಕ್ಷಿಸುವ ಬಗೆ ಹೇಗೆ?

ಇದಕ್ಕೆ ಉತ್ತರವು ಶಬ್ದದಿಂದಲೇ ದೊರೆಯಿತು. ಪಾರಿವಾಳಗಳ ನಾಳದ ಎಲುಬಿನಲ್ಲಿ ರಂಧ್ರವನ್ನು ಕೊರೆದರೆ, ಶಬ್ದವಾದಾಗ ಅವುಗಳ ಕಣ್ಣು ಮತ್ತು ತಲೆ ಚಲಿಸುವುವೆಂದು ಇಟಲಿಯ ಪಿಯೆಟ್ರೊ ಟುಲ್ಲಿಯೊ 1929ರಲ್ಲಿ ಪ್ರಕಟಿಸಿದನು. 1964ರಲ್ಲಿ ಬಿಕ್‌ಫರ್ಡ್ ಮತ್ತು ಅವನ ಸಂಗಡಿಗರು, ಗಟ್ಟಿಯಾದ ಶಬ್ದದಿಂದ ಮನುಷ್ಯನ ಹಿಂದಲೆಯ ಸ್ನಾಯುಗಳಲ್ಲಿ ವಿದ್ಯುತ್ಸ್ಪಂದನವುಂಟಾಗುವುದನ್ನು ಅಳೆದರು. ಕೋಲ್‌ಬ್ಯಾಚ್, ಹಾಲ್ಮಾಗ್ಯಿ ಎಂಬ ಆಸ್ಟ್ರೇಲಿಯದ ವೈದ್ಯರು 1992ರಿಂದ 1994ರ ವರೆಗೆ ಈ ಶೋಧವನ್ನು ಕತ್ತಿನ ಸ್ನಾಯುವಿಗೆ ಅನ್ವಯಿಸಿ, ಚಿಕಿತ್ಸಾಲಯಕ್ಕೆ ಒಪ್ಪುವ ಪರೀಕ್ಷೆಯನ್ನಾಗಿ ಮಾಡಿದರು.

ಪರೀಕ್ಷೆಯ ಕ್ರಮವು ಹೀಗೆ. ಕಿವಿಯ ಹಿಂದಿನಿಂದ ಎದೆಯೆಲುಬಿಗೆ ಇಳಿಯುವ ಕತ್ತಿನ ಸ್ನಾಯುವನ್ನು ರೋಗಿಯು ಬಿಗಿಹಿಡಿಯಬೇಕು. ಚರ್ಮದ ಮೇಲೆ ವಿದ್ಯುತ್ತನ್ನು ಗ್ರಹಿಸುವ ಬಿಲ್ಲೆಗಳನ್ನು ಅಂಟಿಸಿ, ಅದೇ ಪಕ್ಕದ ಕಿವಿಗೆ ಸಾಮಾನ್ಯವಾಗಿ 500 ಹರ್ಟ್ಸ್ ಆವೃತ್ತಿಯ ಗಟ್ಟಿಯಾದ ಕಿರುನಾದವನ್ನು ಮತ್ತೆ ಮತ್ತೆ ಕೇಳಿಸಿ, ದೊರೆತ ಫಲಗಳ ಸರಾಸರಿಯನ್ನು ತೆಗೆಯುತ್ತಾರೆ. ನಾದವು ಸ್ಯಾಕ್ಯೂಲನ್ನು ಕದಲಿಸಿದೊಡನೆ ಸುದ್ದಿಯು ಕೆಳಗಣ ಸಮತೋಲನರದ ಮೂಲಕ ಮೆದುಳುಬುಡಕ್ಕೆ ಹೋಗಿ, ಅಲ್ಲಿಂದ ಕತ್ತಿಗೆ ಇಳಿದು, ಬಿಗಿದ ಸ್ನಾಯುವನ್ನು ಕ್ಷಣಕಾಲ ಸಡಿಲಿಸುತ್ತದೆ. ಶಬ್ದವಾದ ಸುಮಾರು 13 ಮಿಲಿಸೆಕೆಂಡಿಗೆ ಒಂದು, 23 ಮಿಲಿಸೆಕೆಂಡಿಗೆ ಅದಕ್ಕೆ ವಿರುದ್ಧವಾದ ಇನ್ನೊಂದು ಅಲೆಯು ಕಾಣುವುದು. ಸ್ನಾಯುವು ಬಿಗಿಯದಿದ್ದರೆ ಸಡಿಲಿಸುವುದಕ್ಕೆ ಏನೂ ಇಲ್ಲ, ಅಲೆಯೂ ಇಲ್ಲ. ಇಲ್ಲಿ ಕೇಳುವಿಕೆಯು ಅವಶ್ಯವಲ್ಲವೆಂಬುದು ಗಮನಾರ್ಹ. ಶ್ರವಣಶಂಖವು ಕೆಟ್ಟು ಪೂರ್ತಿ ಕಿವುಡಾದವರಲ್ಲಿಯೂ ಸ್ಯಾಕ್ಯೂಲ್ ಚೆನ್ನಾಗಿದ್ದರೆ ಈ ಅಲೆಯು ತೋರಬಹುದು.

ಇದೇ ತತ್ತ್ವದಿಂದ, ಮೇಲೆ ನೋಡುವಾಗ ಕಣ್ಣಿನ ಕೆಳಗೆ ಬಿಲ್ಲೆಯಿಟ್ಟು ಅಳೆಯುವ ಎರಡನೆಯ ಪರೀಕ್ಷೆಯೂ ಬಳಕೆಗೆ ಬಂದಿದೆ. ಇದು ಮುಖ್ಯವಾಗಿ ಯುಟ್ರಿಕಲ್ಲಿನ ಮತ್ತು ಮೇಲಣ ನರದ ಸ್ಥಿತಿಯನ್ನು ತಿಳಿಸುವುದೆಂದು ಪ್ರಾಜ್ಞರ ಮತ. ಪ್ರತಿಕ್ರಿಯೆಯು ಎದುರುಪಕ್ಕದ ಕಣ್ಣಿನಲ್ಲಿ ತೋರುತ್ತದೆ. ಎರಡನ್ನೂ ಹೋಲಿಸಿ ಯಾವ ನರಕ್ಕೆ ಹಾನಿಯಾಗಿದೆಯೆಂದು ವಿವೇಚಿಸಬಹುದು. ಮೇಲಣ ನಾಳದ ಎಲುಬು ತೆರೆದುಕೊಳ್ಳುವ ವ್ಯಾಧಿಯೊಂದನ್ನು 1998ರಲ್ಲಿ ಅಮೆರಿಕದ ಮೈನರ್ ಮೊದಲಾದವರು ವರ್ಣಿಸಿದರು. ಅಂಥವರಲ್ಲಿ ಕಡಮೆ ಶಬ್ದಕ್ಕೇ ದೊಡ್ಡ ಅಲೆ ಏಳುವುದು. ಟುಲ್ಲಿಯೊ ಪಾರಿವಾಳಗಳಲ್ಲಿ ಕೃತಕವಾಗಿ ಮಾಡಿದುದನ್ನು ಪ್ರಕೃತಿಯೇ ಇಲ್ಲಿ ಮಾಡಿರುತ್ತದೆ.

ಆದರೂ ಅಲೆ ಕಾಣದಿದ್ದ ಮಾತ್ರಕ್ಕೆ ಸ್ಯಾಕ್ಯೂಲ್ ಕೆಟ್ಟಿತೆಂದು ನಿರ್ಣಯಿಸಲಾಗದು. ನಡುಗಿವಿಯ ದೋಷದಿಂದ ಶಬ್ದವು ಒಳಗೆ ಮುಟ್ಟದೆ ಇರಬಹುದು; ಆಗ ತಲೆಯೆಲುಬನ್ನೇ ಕಂಪಿಸಿ ನೋಡಬೇಕು. ವಯಸ್ಸಾದಂತೆ ಅಲೆಯು ಕುಗ್ಗುವುದೂ ಸಹಜ.

ಕೊನೆಯದಾಗಿ ಹೆಸರಿನ ವಿಷಯ. ಇಂಗ್ಲಿಷಿನಲ್ಲಿ ಈ ಪರೀಕ್ಷೆಗಿರುವ ಹೆಸರಿನ ಮೊದಲ ಪದ ‘ವೆಸ್ಟಿಬ್ಯುಲಾರ್’. ಅದರ ಮೂಲವಾದ ಲ್ಯಾಟಿನ್ ಶಬ್ದಕ್ಕೆ ಮನೆಯ ಮೊಗಸಾಲೆಯೆಂದು ಅರ್ಥ. ಒಳಗಿವಿಯ ನಡುಗೋಣೆಯನ್ನು ಶರೀರಶಾಸ್ತ್ರಜ್ಞರು ಹಾಗೆ ಕರೆದರು. ಶಬ್ದಾರ್ಥವನ್ನು ಹಿಡಿದು ‘ಮೊಗಸಾಲೆಯ ಪರೀಕ್ಷೆ’ ಎಂದರೆ ಕನ್ನಡದಲ್ಲಿ ವಿಷಯವು ತಿಳಿಯದು; ‘ಶಬ್ದಜನ್ಯ ಸಮತೋಲಪರೀಕ್ಷೆ’ ಎಂದರೆ ಕಾರಣ, ಉದ್ದೇಶ ಎರಡೂ ತಿಳಿಯುತ್ತವೆ. ಶಾಸ್ತ್ರಪದಗಳನ್ನು ರಚಿಸುವಾಗ ಹೆಸರಿನ ಹಿಂದಿರುವ ವ್ಯಾಪಾರವನ್ನು ನೋಡುವುದೇ ಮೇಲು.