ಹೊರನಾಡಿನ ದುಡಿಮೆಯೂ ತಾಯ್ನಾಡಿನ ಆರ್ಥಿಕ ಅಭಿವೃದ್ಧಿಯೂ: ಕೇರಳದ ನಿದರ್ಶನ

ಒಂದು ದೇಶದ ಶ್ರಮಿಕರು ಜೀವನೋಪಾಯವನ್ನು ಅರಸಿ ಮತ್ತೊಂದು ದೇಶಕ್ಕೆ ತೆರಳುವುದು ಹೊಸ ಸಂಗತಿಯೇನೂ ಅಲ್ಲ. ಆದರೆ ಈ ವಲಸೆಯಿಂದ ಅವರು ಬಿಟ್ಟುಹೋದ ನಾಡಿಗೆ ಒದಗುವ ಫಲವೆಂತಹುದು ಎಂಬ ವಿಷಯದಲ್ಲಿ ಅರ್ಥಶಾಸ್ತ್ರಜ್ಞರೊಳಗೆ ಒಮ್ಮತವಿಲ್ಲ. ಹೊರಗಿನಿಂದ ಬರುವ ಹಣವು ಬಂಡವಾಳದ ಕೊರತೆಯುಳ್ಳ ನಾಡುಗಳಿಗೆ ದೊರೆತ ದೊಡ್ಡ ನೆರವೆಂದು ಒಂದು ಪಕ್ಷ ವಾದಿಸುತ್ತದೆ. ದುಡಿಯಬಲ್ಲ ಪ್ರಾಯದವರನ್ನು ಕಳೆದುಕೊಂಡ ನಾಡು, ಬಂದ ಹಣವನ್ನು ಮನೆ, ಒಡವೆ, ಮದುವೆಗಳಿಗೆ ವ್ಯಯಿಸಿ ಪರಾವಲಂಬಿಯಾಗುತ್ತದೆಂದು ಮತ್ತೊಂದು ಪಕ್ಷ ಹೇಳುತ್ತದೆ. ಎರಡು ಪಕ್ಷಗಳಲ್ಲಿಯೂ ಸತ್ಯಾಂಶವುಂಟು. ಹೀಗಿರುವಲ್ಲಿ ಅವುಗಳಲ್ಲೊಂದನ್ನು ಹಿಡಿದು ವಾದಿಸುವುದಕ್ಕಿಂತ, ಯಾವ ಸನ್ನಿವೇಶದಲ್ಲಿ ಯಾವ ಫಲ ಉಂಟಾಗುತ್ತದೆಂಬುದನ್ನು ಒಂದು ನಿರ್ದಿಷ್ಟ ನಿದರ್ಶನದ ಮೂಲಕ ಪರಿಶೀಲಿಸುವುದು ಹೆಚ್ಚು ಪ್ರಯೋಜನಕರ. ನಮ್ಮ ನೆರೆನಾಡಾದ ಕೇರಳವನ್ನು ಇಲ್ಲಿ ಆಯ್ದುಕೊಂಡಿದೆ. ಅಲ್ಲಿನ ವಲಸೆಯ ವಿಚಾರದಲ್ಲಿ 1998ರಿಂದ ಈಚೆಗೆ ನಡೆದಿರುವಷ್ಟು ಕ್ರಮಬದ್ಧವಾದ ಸಮೀಕ್ಷೆಗಳು ಭಾರತದಲ್ಲಿ ವಿರಳ. ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರದಲ್ಲಿ ಕೆ. ಸಿ. ಝಕರಿಯ, ಎಸ್. ಇರುದಯ ರಾಜನ್ ಮೊದಲಾದ ವಿದ್ವಾಂಸರು ಈ ಕಾರ್ಯವನ್ನು ಆರಂಭಿಸಿದರು.

1. ವಲಸೆಯ ಹುಟ್ಟು ಮತ್ತು ವಿಸ್ತಾರ

1973ರ ಅಕ್ಟೋಬರಿನಲ್ಲಿ ಒಂದು ಪೀಪಾಯಿಗೆ ಸುಮಾರು 3 ಡಾಲರುಗಳಷ್ಟಿದ್ದ ಕಚ್ಚಾ ಎಣ್ಣೆಯ ಬೆಲೆ 1974ರ ಆರಂಭದ ವೇಳೆಗೆ ಹೆಚ್ಚುಕಡಮೆ ನಾಲ್ಮಡಿಯಾಯಿತು. ಕೊಲ್ಲಿಯ ಎಣ್ಣೆರಾಜ್ಯಗಳು ಹೀಗೆ ಬಂದ ಸಂಪತ್ತಿನಿಂದ ರಸ್ತೆ, ಬಂದರು, ಆಸ್ಪತ್ರೆ, ನಗರಗಳ ನಿರ್ಮಾಣವನ್ನು ಕೈಗೊಂಡವು. ಅಲ್ಲಿ ಹಣವಿತ್ತು, ಕೆಲಸಗಾರರಿರಲಿಲ್ಲ. ಕೇರಳದ ಸ್ಥಿತಿ ಇದಕ್ಕೆ ತದ್ವಿರುದ್ಧವಾಗಿತ್ತು. ಜನಸಾಂದ್ರತೆ ಅಧಿಕ, ಸಾಕ್ಷರತೆ ಅಧಿಕ, ಕೈಗಾರಿಕೆ ಅಲ್ಪ. ಓದು ಬಲ್ಲ ತರುಣರು ಉದ್ಯೋಗವಿಲ್ಲದೆ ಕಾಯುತ್ತಿದ್ದರು. ಅರಬ್ಬೀ ಸಮುದ್ರದ ಆಚೆಯ ತೀರದೊಡನೆ ಮಲಬಾರಿಗೆ ಪ್ರಾಚೀನ ಕಾಲದಿಂದಲೂ ಇದ್ದ ವ್ಯಾಪಾರ ಸಂಬಂಧ ದಾರಿಯನ್ನು ಸುಗಮಗೊಳಿಸಿತು.

ಮೊದಲು ಹೋದವನು ತನ್ನ ತಮ್ಮನಿಗೆ, ಭಾವಮೈದುನನಿಗೆ, ನೆರೆಮನೆಯವನಿಗೆ ವೀಸಾ ದೊರಕಿಸಿಕೊಟ್ಟನು. ವಲಸೆಯು ವಲಸೆಯನ್ನೇ ಬೆಳೆಸಿದ ಬಗೆ ಇದು. ಸಮೀಕ್ಷೆಗಳ ಪ್ರಕಾರ ಹೊರದೇಶಗಳಲ್ಲಿದ್ದ ಕೇರಳೀಯರ ಸಂಖ್ಯೆ 1998ರಲ್ಲಿ ಸುಮಾರು 13.6 ಲಕ್ಷವಿದ್ದುದು 2013ರಲ್ಲಿ ಸುಮಾರು 24 ಲಕ್ಷಕ್ಕೆ ಏರಿತು, 2018ರಲ್ಲಿ 21.2 ಲಕ್ಷಕ್ಕೆ ಇಳಿದು, 2023ರಲ್ಲಿ ಸುಮಾರು 22 ಲಕ್ಷದಲ್ಲಿ ನಿಂತಿತು. ಇವರಲ್ಲಿ ಬಹುಭಾಗ ಕೊಲ್ಲಿಯ ರಾಜ್ಯಗಳಲ್ಲಿ ದುಡಿಯುವವರು.

ಹೀಗೆ ಹೋದವರು ಸಾಮಾನ್ಯವಾಗಿ ಕಡುಬಡವರಲ್ಲ ಎಂಬುದು ಇಲ್ಲಿ ಗಮನಿಸತಕ್ಕ ಅಂಶ. ಪ್ರಯಾಣದ ವೆಚ್ಚ, ವೀಸಾ, ಮಧ್ಯವರ್ತಿಯ ದಲ್ಲಾಳಿ ಇವೆಲ್ಲಕ್ಕೂ ಮುಂಗಡವಾಗಿ ಹಣ ಬೇಕು. ಅಡವಿಡಲು ಒಡವೆಯಾಗಲಿ, ತುಂಡು ಭೂಮಿಯಾಗಲಿ, ಸಾಲ ಕೊಡಬಲ್ಲ ಬಂಧುವಾಗಲಿ ಇಲ್ಲದವನು ಊರಿನಲ್ಲಿಯೇ ಉಳಿದನು. ಹೋದವನ ಮೊದಲ ಒಂದೆರಡು ವರ್ಷದ ಗಳಿಕೆ ಎಷ್ಟೋ ವೇಳೆ ಈ ಸಾಲದ ತೀರಿಕೆಗೇ ಸಂದಿತು.

2. ಲೂಯಿಸರ ಸಿದ್ಧಾಂತ ಮತ್ತು ಅದರ ಮಿತಿ

ಹಿಂದುಳಿದ ದೇಶಗಳ ಬೆಳವಣಿಗೆಯನ್ನು ವಿವರಿಸಲು ಆರ್ಥರ್ ಲೂಯಿಸರು 1954ರಲ್ಲಿ ಒಂದು ಪ್ರಸಿದ್ಧ ಸಿದ್ಧಾಂತವನ್ನು ಮಂಡಿಸಿದರು. ಬೇಸಾಯ ಮೊದಲಾದ ಜೀವನಾಧಾರ ವೃತ್ತಿಗಳಲ್ಲಿ ಅಗತ್ಯಕ್ಕಿಂತ ಹೆಚ್ಚಾಗಿ ತುಂಬಿರುವ ಜನರು ಕೈಗಾರಿಕೆಗೆ ಹೋಗುತ್ತಾರೆ. ಕಡಮೆ ಕೂಲಿಯಿಂದ ಉದ್ಯಮಿಗೆ ಲಾಭ ದೊರೆಯುತ್ತದೆ. ಆ ಲಾಭವನ್ನು ಅವನು ಮರಳಿ ಉದ್ಯಮಕ್ಕೆ ತೊಡಗಿಸುತ್ತಾನೆ. ಉದ್ಯಮ ಹಿಗ್ಗಿ ಮತ್ತಷ್ಟು ಜನರಿಗೆ ಕೆಲಸ ಒದಗುತ್ತದೆ. ಹೀಗೆ ಹೆಚ್ಚುವರಿ ಶ್ರಮವೇ ಬಂಡವಾಳದ ಸಂಗ್ರಹಕ್ಕೆ ಮೂಲವಾಗುತ್ತದೆ.

ಕೇರಳದಲ್ಲಿಯೂ ಹೆಚ್ಚುವರಿ ಶ್ರಮ ಸ್ಥಳಾಂತರ ಹೊಂದಿತು. ಆದರೆ ಅದನ್ನು ಸೆಳೆದುಕೊಂಡ ಉದ್ಯಮಗಳು ಸಮುದ್ರದ ಆಚೆ ಇದ್ದವು. ಕಾರ್ಮಿಕನ ದುಡಿಮೆಯಿಂದ ಹುಟ್ಟಿದ ಲಾಭ, ಲಾಭದಿಂದ ಹುಟ್ಟಿದ ಬಂಡವಾಳ, ಬಂಡವಾಳದಿಂದ ಎದ್ದ ಕಟ್ಟಡ ಇವು ಮೂರೂ ದುಬೈ, ದೋಹಾ, ಕುವೈತುಗಳಲ್ಲಿಯೇ ಉಳಿದವು. ತಾಯ್ನಾಡಿಗೆ ಮರಳಿದುದು ಕೂಲಿಯಲ್ಲಿ ಉಳಿಸಿದ ಭಾಗ ಮಾತ್ರ. ಲೂಯಿಸರ ಸಿದ್ಧಾಂತದಲ್ಲಿ ಉದ್ಯಮಿಯು ತಾನಾಗಿಯೇ ಮಾಡುವ ಪುನರ್ವಿನಿಯೋಗವೆಂಬ ಕಾರ್ಯ ಇಲ್ಲಿ ಯಾರ ಪಾಲಿಗೂ ಸೇರದೆ ಉಳಿಯಿತು. ವಲಸೆಗೂ ಅಭಿವೃದ್ಧಿಗೂ ಇರುವ ಸಂಬಂಧದ ಮರ್ಮ ಇಲ್ಲಿದೆಯೆಂದು ತೋರುತ್ತದೆ. ಮನೆಗೆ ಬಂದ ಹಣ ಕುಟುಂಬಕ್ಕೆ ವರಮಾನ. ಅದು ನಾಡಿಗೆ ಬಂಡವಾಳವಾಗಬೇಕಾದರೆ ಮತ್ತೊಂದು ವ್ಯವಸ್ಥೆ ಬೇಕು.

3. ಬಂದ ಹಣ ಹರಿದ ದಾರಿ

ಬಂದ ಹಣ ಅಲ್ಪವಲ್ಲ. 2014ರ ಸುಮಾರಿಗೆ ಅದು ರಾಜ್ಯದ ನಿವ್ವಳ ವರಮಾನದ ಮೂರರಲ್ಲೊಂದು ಪಾಲನ್ನು ಮೀರಿತ್ತೆಂದು ಅಂದಾಜು. 2018ರಲ್ಲಿ 85,092 ಕೋಟಿ ರೂಪಾಯಿಗಳಷ್ಟಿದ್ದ ಮೊತ್ತ 2023ರಲ್ಲಿ 2,16,893 ಕೋಟಿಯಾಯಿತೆಂದು ಸಮೀಕ್ಷೆ ತಿಳಿಸುತ್ತದೆ.

ಈ ಹಣ ಮೊದಲು ಸಾಲ ತೀರಿಸಿತು. ಬಳಿಕ ಹೊಟ್ಟೆ ತುಂಬಿಸಿತು, ಮಕ್ಕಳನ್ನು ಓದಿಸಿತು, ರೋಗಿಗಳಿಗೆ ಚಿಕಿತ್ಸೆ ಕೊಡಿಸಿತು, ಸೋಗೆಯ ಮಾಡಿದ್ದಲ್ಲಿ ತಾರಸಿಯನ್ನು ಎಬ್ಬಿಸಿತು. ಬಡತನ ಇಳಿಯಿತು. ಇಪ್ಪತ್ತನೆಯ ಶತಮಾನದ ಕೊನೆಯ ವೇಳೆಗೆ ತಲಾ ಅನುಭೋಗ ವೆಚ್ಚದಲ್ಲಿ ಕೇರಳ ಭಾರತದ ದೊಡ್ಡ ರಾಜ್ಯಗಳ ಮುಂಚೂಣಿಗೆ ಬಂದಿತು. ಇದನ್ನು ದುಂದುಗಾರಿಕೆಯೆಂದು ಜರೆಯುವುದು ನ್ಯಾಯವಲ್ಲ. ಓದಿದ ಮಗಳೂ ಸೋರದ ಮನೆಯೂ ಅಭಿವೃದ್ಧಿಯ ಗುರಿಗಳೇ ಹೊರತು ಅದಕ್ಕೆ ಅಡ್ಡಿಗಳಲ್ಲ.

ಆದರೂ ಉತ್ಪತ್ತಿಯ ವಿಷಯದಲ್ಲಿ ಚಿತ್ರ ಬೇರೆ. ಕೊಲ್ಲಿಯ ಹಣ ಹರಿದುಬರತೊಡಗಿದ 1970ರ ದಶಕದ ನಡುಭಾಗದಿಂದ 1980ರ ದಶಕದ ಉತ್ತರಾರ್ಧದವರೆಗೆ ಕೇರಳದ ಕೃಷಿ ಮತ್ತು ಕೈಗಾರಿಕೆಗಳು ಬಹುಮಟ್ಟಿಗೆ ಸ್ತಬ್ಧವಾಗಿದ್ದವು. ಕೊಳ್ಳುವ ಶಕ್ತಿ ಹೆಚ್ಚಿತು, ಆದರೆ ಕೊಂಡ ಅಕ್ಕಿ, ಬಟ್ಟೆ, ಸಿಮೆಂಟು, ಉಕ್ಕುಗಳ ಬಹುಭಾಗ ಇತರ ರಾಜ್ಯಗಳಿಂದ ಬಂದುದು. ಆ ಬೇಡಿಕೆಯಿಂದ ಹುಟ್ಟಬಹುದಾಗಿದ್ದ ಉದ್ಯೋಗವೂ ಅಲ್ಲಿಯೇ ಹುಟ್ಟಿತು. ಭೂಮಿಯ ಬೆಲೆ ಬೇಸಾಯದ ಆದಾಯಕ್ಕೆ ನಿಲುಕದಷ್ಟು ಏರಿತು. ಗಾರೆ ಕೆಲಸ, ಮರಗೆಲಸಗಳ ಕೂಲಿ ಏರಿ, ಅದರ ಹಿಂದೆಯೇ ಗದ್ದೆಯ ಕೂಲಿಯೂ ಏರಿತು. ರಬ್ಬರು, ತೆಂಗುಗಳ ಆಕರ್ಷಣೆಯೊಡನೆ ಈ ಕಾರಣವೂ ಕೂಡಿ, 1970ರ ದಶಕದ ನಡುವೆ 8.8 ಲಕ್ಷ ಹೆಕ್ಟೇರಿನಷ್ಟಿದ್ದ ಬತ್ತದ ಗದ್ದೆ ಇಂದು ಸುಮಾರು 2 ಲಕ್ಷ ಹೆಕ್ಟೇರಿಗೆ ಇಳಿದಿದೆ. ಏರಿದ ಕೂಲಿಯ ಸೆಳೆತಕ್ಕೆ ಒಳಗಾಗಿ ಮೊದಲು ತಮಿಳುನಾಡಿನಿಂದಲೂ ತರುವಾಯ ಬಂಗಾಳ, ಅಸ್ಸಾಂ, ಬಿಹಾರ, ಒಡಿಶಾಗಳಿಂದಲೂ ಕೆಲಸಗಾರರು ಕೇರಳಕ್ಕೆ ಬಂದರು. 2013ರಲ್ಲಿ ಇವರ ಸಂಖ್ಯೆಯನ್ನು ಸುಮಾರು 25 ಲಕ್ಷವೆಂದು ಎಣಿಸಲಾಯಿತು. ಹೊರಗೆ ಹೋದವರ ಸ್ಥಾನಕ್ಕೆ ಅಷ್ಟೇ ಜನ ಒಳಗೆ ಬಂದಂತಾಯಿತು.

1980ರ ದಶಕದ ಕೊನೆಯಿಂದ ಬೆಳವಣಿಗೆ ಚೇತರಿಸಿಕೊಂಡಿತು. ಆದರೆ ಅದನ್ನು ನಡೆಸಿದವು ಬಹುಮಟ್ಟಿಗೆ ವ್ಯಾಪಾರ, ಸಾರಿಗೆ, ನಿರ್ಮಾಣ ಮತ್ತು ಸೇವೆಗಳು, ಕಾರ್ಖಾನೆಗಳಲ್ಲ.

4. ಉಳಿತಾಯವು ಬಂಡವಾಳವಾದ ಬಗೆ

ಉಳಿತಾಯವಿದ್ದೂ ಬಂಡವಾಳ ಏಕೆ ಬೆಳೆಯಲಿಲ್ಲ? ಮರಳಿ ಬಂದ ಕಾರ್ಮಿಕನು ಉದ್ಯಮಿಯಲ್ಲ. ಹದಿನೈದು ವರ್ಷ ಬೆಸುಗೆ ಹಾಕಿದವನು ಅಥವಾ ಲಾರಿ ನಡೆಸಿದವನು ತನ್ನ ಆಯುಷ್ಯದ ಉಳಿಕೆಯನ್ನು ಅರಿಯದ ವ್ಯವಹಾರದಲ್ಲಿ ಪಣವಿಡಲು ಹಿಂಜರಿಯುವುದು ಸಹಜವಷ್ಟೇ ಅಲ್ಲ, ವಿವೇಕವೂ ಹೌದು. ಆದುದರಿಂದ ಹಣ ಬ್ಯಾಂಕು ಸೇರಿತು. ಕೇರಳದ ಬ್ಯಾಂಕುಗಳಲ್ಲಿ ಅನಿವಾಸಿಗಳ ಠೇವಣಿಗಳು ಇಂದು 2 ಲಕ್ಷ ಕೋಟಿ ರೂಪಾಯಿಗಳನ್ನು ಮೀರಿವೆ. ಸ್ಥಳೀಯ ಉದ್ಯಮಗಳಿಂದ ಸಾಲಕ್ಕೆ ಸಾಕಷ್ಟು ಬೇಡಿಕೆಯಿಲ್ಲದಿದ್ದಾಗ ಬ್ಯಾಂಕಿಗೆ ಬಂದ ಹಣ ಬೇರೆ ಪ್ರದೇಶಗಳ ಸಾಲವಾಗಿ ಹೊರಗೆ ಹರಿಯುತ್ತದೆ.

ದಾರಿ ಇದ್ದಲ್ಲಿ ಫಲ ಬೇರೆಯೆಂಬುದಕ್ಕೆ ಕೊಚ್ಚಿಯ ವಿಮಾನ ನಿಲ್ದಾಣ ಉತ್ತಮ ನಿದರ್ಶನ. 1994ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯಲ್ಲಿ ರಾಜ್ಯ ಸರ್ಕಾರ ಪ್ರಮುಖ ಪಾಲುದಾರನಾಯಿತು. ಸುಮಾರು 30 ದೇಶಗಳಲ್ಲಿದ್ದ 10,000ದಷ್ಟು ಅನಿವಾಸಿ ಭಾರತೀಯರು ಷೇರುಗಳನ್ನು ಕೊಂಡರು. 1999ರಲ್ಲಿ ನಿಲ್ದಾಣ ತೆರೆಯಿತು. ಷೇರುದಾರರಿಗೆ ಲಾಭಾಂಶವೂ ದೊರೆಯುತ್ತ ಬಂದಿತು. ಉಳಿತಾಯಗಾರನು ತಾನೇ ಉದ್ಯಮಿಯಾಗಬೇಕಾದ ಅಗತ್ಯ ಇಲ್ಲಿರಲಿಲ್ಲ. ನಂಬಿಕೆಗೆ ಅರ್ಹವಾದ ಒಂದು ಸಂಸ್ಥೆ ಅವನ ಸಣ್ಣ ಮೊತ್ತವನ್ನು ಸಾವಿರಾರು ಸಣ್ಣ ಮೊತ್ತಗಳೊಡನೆ ಕೂಡಿಸಿತು.

ಈ ಸೂತ್ರ ಕನ್ನಡ ನಾಡಿಗೆ ಅಪರಿಚಿತವಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ಮನೆಮನೆಯಿಂದ ದಿನಕ್ಕೆ ಎರಡಾಣೆಯಷ್ಟು ಅಲ್ಪ ಉಳಿತಾಯವನ್ನೂ ಕಲೆಹಾಕಿತು. ಅದೇ ಕರಾವಳಿಯ ಮಂಗಳೂರು, ಉಡುಪಿ, ಭಟ್ಕಳಗಳ ಎಷ್ಟೋ ಮನೆಗಳು ಇಂದು ಕೊಲ್ಲಿಯ ಗಳಿಕೆಯಿಂದ ನಡೆಯುತ್ತಿವೆ. ಆದುದರಿಂದ ಕೇರಳದ ಅನುಭವ ನಮಗೂ ಸಮೀಪದ್ದು.

5. ಲೆಕ್ಕಕ್ಕೆ ಬಾರದ ವೆಚ್ಚ

ವಲಸೆಯ ಲಾಭವನ್ನು ಎಣಿಸುವಾಗ ವೆಚ್ಚವನ್ನೂ ಎಣಿಸಬೇಕು. ಕಾರ್ಮಿಕನನ್ನು ಹೆತ್ತು, ಸಾಕಿ, ಓದಿಸುವ ವೆಚ್ಚ ತಾಯ್ನಾಡಿನದು. ದುಡಿಯುವ ವಯಸ್ಸಿನ ಫಲ ಹೊರನಾಡಿನದು. ಮುಪ್ಪಿನ ಪಾಲನೆ ಮತ್ತೆ ತಾಯ್ನಾಡಿನದು. ಕೊಲ್ಲಿಯ ರಾಜ್ಯಗಳಲ್ಲಿ ವಲಸಿಗನಿಗೆ ಪೌರತ್ವ ದೊರೆಯುವುದು ಅತಿ ವಿರಳ. ಅವನ ವಾಸದ ಹಕ್ಕನ್ನು ಉದ್ಯೋಗದಾತನ ಆಶ್ರಯಕ್ಕೆ ಕಟ್ಟಿಹಾಕಿದ ಕಫಾಲಾ ಪದ್ಧತಿ ಈಚಿನ ವರ್ಷಗಳಲ್ಲಿ ಕೆಲವೆಡೆ ಸಡಿಲಗೊಂಡಿದೆ. 2020ರಲ್ಲಿ ಕತಾರ್ ರಾಜ್ಯ ಮಾಲೀಕನ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸುವ ಅವಕಾಶವನ್ನು ನೀಡಿತು. ಆದರೂ ಕೆಲಸ ಹೋದೊಡನೆ ನೆಲೆಯೂ ಹೋಗುವ ಭಯ ಪೂರ್ತಿ ನೀಗಿಲ್ಲ.

ಈ ಅಸ್ಥಿರತೆ ಕಲ್ಪಿತವಾದುದಲ್ಲ. 1990ರ ಆಗಸ್ಟಿನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ 1.7 ಲಕ್ಷಕ್ಕೂ ಮಿಕ್ಕ ಭಾರತೀಯರನ್ನು ವಿಮಾನಗಳ ಮೂಲಕ ಕರೆತರಬೇಕಾಯಿತು. 2020ರ ಮಹಾಮಾರಿಯಲ್ಲಿಯೂ ಲಕ್ಷಾಂತರ ಜನ ಮರಳಿದರು. ಒಂದು ದಶಕದ ಗಳಿಕೆಯವನೂ ಒಂದು ವಾರದಲ್ಲಿ ನಿರುದ್ಯೋಗಿಯಾಗಬಲ್ಲನು.

ಉಪಸಂಹಾರ

ವಲಸೆ ತಾನಾಗಿಯೇ ಅಭಿವೃದ್ಧಿಯನ್ನು ತರುವುದೂ ಇಲ್ಲ, ತಡೆಯುವುದೂ ಇಲ್ಲ. ಅದು ಕುಟುಂಬವನ್ನು ಬಡತನದಿಂದ ಎತ್ತಬಲ್ಲುದು, ಕೇರಳದಲ್ಲಿ ಎತ್ತಿದೆ. ನಾಡಿನ ಉತ್ಪತ್ತಿಶಕ್ತಿಯನ್ನು ಬೆಳೆಸುವ ಕಾರ್ಯವಾದರೋ ನಂಬಿಕೆಗೆ ಅರ್ಹವಾದ ಸಂಸ್ಥೆಗಳದು. ಇದಕ್ಕೆ ಕಾಲಮಿತಿಯೂ ಉಂಟು. 2013ರಿಂದೀಚೆಗೆ ವಲಸಿಗರ ಸಂಖ್ಯೆ ಮೊದಲಿನಂತೆ ಏರುತ್ತಿಲ್ಲ. ಜನನ ಪ್ರಮಾಣ ದಶಕಗಳ ಹಿಂದೆಯೇ ಇಳಿದ ಕೇರಳದಲ್ಲಿ ಹೊರಡುವ ತರುಣರು ಕಡಮೆಯಾಗಿ ವೃದ್ಧರು ಹೆಚ್ಚುತ್ತಿದ್ದಾರೆ. ಹೊರಡುವವರಲ್ಲಿ ವಿದ್ಯಾರ್ಥಿಗಳ ಸಂಖ್ಯೆ 2018ರಿಂದ 2023ರೊಳಗೆ ಸುಮಾರು ಇಮ್ಮಡಿಯಾಗಿ 2.5 ಲಕ್ಷ ಮುಟ್ಟಿದೆ. ಇವರು ಹಣವನ್ನು ಕಳುಹಿಸುವವರಲ್ಲ, ಮನೆಯಿಂದ ಒಯ್ಯುವವರು. ಐವತ್ತು ವರ್ಷ ಹರಿದ ಹೊಳೆ ಎಂದೆಂದಿಗೂ ಹೀಗೆಯೇ ಹರಿಯುವುದೆಂದು ನೆಚ್ಚಿ ಕೂರುವಂತಿಲ್ಲ. ನೀರಿರುವಾಗಲೇ ಕಾಲುವೆ ತೋಡುವುದು ರೈತನು ಬಲ್ಲ ವಿವೇಕ. ನಾಡಿನ ಅರ್ಥನೀತಿಯೂ ಅದನ್ನು ಕಲಿಯಬೇಕಾಗಿದೆ.