ಕೇಕಿನ ಮೇಲೆ ಕ್ರೀಮು ನಿಲ್ಲಬೇಕಾದರೆ

ಕೇಕಿನ ಮೇಲೆ ಬಿಡಿಸಿದ ಕ್ರೀಮಿನ ಹೂವು ಕುಸಿಯುವುದಕ್ಕೆ ಕಾರಣ ಎರಡು. ಒಂದು, ಕ್ರೀಮಿನೊಳಗಿನ ಕೊಬ್ಬು ಕರಗುತ್ತದೆ. ಇನ್ನೊಂದು, ಕ್ರೀಮಿನೊಳಗಿನ ನೀರು ಬಸಿದು ಕೆಳಗಿಳಿಯುತ್ತದೆ. ಮನೆಯಲ್ಲಿ ಕೇಕ್ ಮಾಡುವವರು ಸಾಮಾನ್ಯವಾಗಿ ಇವೆರಡನ್ನೂ ಒಂದೇ ಎಂದುಕೊಂಡು ಎರಡಕ್ಕೂ ಒಂದೇ ಪರಿಹಾರ ಹುಡುಕುತ್ತಾರೆ. ಆಮೇಲೆ "ಜೆಲಾಟಿನ್ ಹಾಕಿದ್ರೂ ನಿಲ್ಲಲಿಲ್ಲ ನೋಡ್ರಿ" ಎಂದು ಬೇಸರ ಮಾಡಿಕೊಳ್ಳುತ್ತಾರೆ. ನಿಲ್ಲದೆ ಇದ್ದದ್ದು ಸಹಜವೇ. ಕ್ರೀಮಿಗೆ ಹಾಕುವ ಜೆಲಾಟಿನ್, ಕಾರ್ನ್ ಫ್ಲೋರ್, ಹಾಲಿನ ಪುಡಿ ಇವೆಲ್ಲ ನೀರನ್ನು ಹಿಡಿದಿಡುವ ಸಾಮಾನುಗಳು, ಅಂದರೆ ಸ್ಟೆಬಿಲೈಸರ್. ಕೊಬ್ಬು ಕರಗುವುದನ್ನು ಇವು ಯಾವುವೂ ತಡೆಯುವುದಿಲ್ಲ. ಅದನ್ನು ತಡೆಯುವುದು ತಂಪು ಮಾತ್ರ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಒಂದೇ ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳಾದರೂ ಕ್ರೀಮಿನ ಲೆಕ್ಕದಲ್ಲಿ ಬೇರೆ ಬೇರೆ ಊರುಗಳೇ. ಜಗಳೂರು ಬಯಲುಸೀಮೆ. ಮಳೆ ಕಡಿಮೆ, ಏಪ್ರಿಲ್ ಮಧ್ಯಾಹ್ನ 38 ಡಿಗ್ರಿ ಮುಟ್ಟಿದರೆ ಯಾರೂ ಆಶ್ಚರ್ಯಪಡುವುದಿಲ್ಲ. ಅಲ್ಲಿ ಕ್ರೀಮನ್ನು ಕೆಡಿಸುವುದು ಬಿಸಿಲು. ಚನ್ನಗಿರಿ, ನ್ಯಾಮತಿ ಅಡಿಕೆ ತೋಟದ ಸೀಮೆ, ಹೊನ್ನಾಳಿಗೆ ತುಂಗಭದ್ರೆ ಮತ್ತು ಭತ್ತದ ಗದ್ದೆಗಳ ತೇವ. ಮಳೆಗಾಲದಲ್ಲಿ ಫ್ರಿಜ್‌ನಿಂದ ಹೊರಗಿಟ್ಟ ಕೇಕು ಹತ್ತೇ ನಿಮಿಷದಲ್ಲಿ ಬೆವರಲು ಶುರು. ಗಾಳಿಯ ಪಸೆ ತಣ್ಣನೆಯ ಕ್ರೀಮಿನ ಮೇಲೆ ಹನಿಯಾಗಿ ಕೂರುತ್ತದೆ, ಬಣ್ಣ ಹಾಕಿದ ಹೂವಾಗಿದ್ದರೆ ಬಣ್ಣ ಇಳಿಯುತ್ತದೆ. ಬೆಂಗಳೂರಿನ ಎ.ಸಿ. ಅಡುಗೆಮನೆಯಲ್ಲಿ ಚಿತ್ರೀಕರಿಸಿದ ವಿಡಿಯೋದ ಅಳತೆ ಈ ಎರಡೂ ಕಡೆ ಕೈಕೊಡುವುದು ಇದಕ್ಕೇ.

ಕಡೆದಾಗ ಆಗುವುದೇನು ಎಂಬುದು ಮೊದಲು ತಿಳಿಯಲಿ. ಕೆನೆಯಲ್ಲಿ ಕೊಬ್ಬು ಕಣ್ಣಿಗೆ ಕಾಣದಷ್ಟು ಸಣ್ಣ ಗುಂಡುಗಳಾಗಿ ನೀರಿನಲ್ಲಿ ತೇಲುತ್ತಿರುತ್ತದೆ. ಒಂದೊಂದು ಗುಂಡಿಗೂ ತೆಳುವಾದ ಪೊರೆ. 4–5 ಡಿಗ್ರಿಯಷ್ಟು ತಣ್ಣಗಾದಾಗ ಗುಂಡಿನೊಳಗಿನ ಕೊಬ್ಬು ಅರ್ಧ ಗಟ್ಟಿ, ಅರ್ಧ ಮೆತ್ತಗೆ. ಬೀಟರ್ ಓಡಿದಂತೆ ಗಾಳಿ ಒಳಗೆ ಸೇರಿ ಗುಳ್ಳೆಗಳಾಗುತ್ತವೆ. ಗುಂಡುಗಳು ಒಂದಕ್ಕೊಂದು ಗುದ್ದಿಕೊಂಡಾಗ ಗಟ್ಟಿ ಹರಳುಗಳು ಪೊರೆ ಚುಚ್ಚುತ್ತವೆ, ಒಳಗಿನ ಮೆತ್ತನೆ ಕೊಬ್ಬು ಅಂಟಾಗಿ ಗುಂಡುಗಳನ್ನು ಸಾಲಾಗಿ ಬೆಸೆಯುತ್ತದೆ. ಈ ಸಾಲುಗಳೇ ಗಾಳಿಗುಳ್ಳೆಯ ಸುತ್ತ ಗೋಡೆ ಕಟ್ಟುವುದು. ಕೊಬ್ಬು ಪೂರಾ ಕರಗಿದ್ದರೆ ಗೋಡೆಯೇ ಇಲ್ಲ. ಬೆಚ್ಚಗಿನ ಕ್ರೀಮನ್ನು ಎಷ್ಟು ಹೊತ್ತು ಕಡೆದರೂ ಹಾಲಿನ ಹಾಗೇ ಉಳಿಯುವುದು ಅದಕ್ಕೆ.

ಇನ್ನೂ ಕಡೆದರೆ? ಬೆಣ್ಣೆ. ಬೆಣ್ಣೆ ತೆಗೆಯುವ ಮನೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮೊದಲು ನೊರೆಯುಬ್ಬಿ ಬರುತ್ತದೆ, ಆಮೇಲೆ ಕಾಳು ಕಾಳಾಗಿ ಬೆಣ್ಣೆ ಬಿಡುತ್ತದೆ. ವಿಪ್ಡ್ ಕ್ರೀಮ್ ಅಂದರೆ ಆ ದಾರಿಯ ನಡುವೆ ತಡೆದು ನಿಲ್ಲಿಸಿದ ಕೆನೆ, ಅಷ್ಟೆ. ಕೈತಪ್ಪಿ ತುಸು ಹೆಚ್ಚಾಗಿ ಒರಟಾದರೆ ಎರಡು ಚಮಚ ತಣ್ಣನೆಯ ಕಡೆಯದ ಕ್ರೀಮು ಹಾಕಿ ಚಮಚದಿಂದಲೇ ಮೆಲ್ಲಗೆ ತಿರುವಿ, ಸರಿಹೋಗುತ್ತದೆ. ಮಜ್ಜಿಗೆ ಬಿಟ್ಟ ಮೇಲೆ ಮಾತ್ರ ಹಿಂದಕ್ಕೆ ದಾರಿಯಿಲ್ಲ. ಬೆಣ್ಣೆ ದೋಸೆಯ ಜಿಲ್ಲೆಯಲ್ಲಿ ಅದಕ್ಕಾಗಿ ಅಳಬೇಕಾದ್ದೂ ಇಲ್ಲ.

ಅಂಗಡಿಯಲ್ಲಿ ಯಾವ ಪ್ಯಾಕೆಟ್ ತೆಗೆದುಕೊಳ್ಳುವುದು ಎನ್ನುವಲ್ಲೇ ಅರ್ಧ ಜನ ಸೋಲುತ್ತಾರೆ. ತಾಲ್ಲೂಕು ಊರಿನ ಕಿರಾಣಿ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಅಮೂಲ್ ಫ್ರೆಶ್ ಕ್ರೀಮಿನ ಡಬ್ಬ. ಅದರಲ್ಲಿ ಕೊಬ್ಬು ಶೇ. 25. ಫ್ರೂಟ್ ಸಲಾಡ್‌ಗೆ, ಪನೀರ್ ಮಸಾಲೆಗೆ ಒಳ್ಳೆಯದು. ಚೆನ್ನಾಗಿ ತಣ್ಣಗೆ ಮಾಡಿ ಕಡೆದರೆ ದಪ್ಪಗೂ ಆಗುತ್ತದೆ, ಆದರೆ ನಾಝಲ್‌ನಿಂದ ಬಿಟ್ಟ ಹೂವು ನಿಲ್ಲುವುದಿಲ್ಲ. ಗೋಡೆ ಕಟ್ಟಲು ಕೊಬ್ಬು ಶೇ. 30 ಆದರೂ ಬೇಕು, 35 ಇದ್ದರೆ ಚೆಂದ. ಪ್ಯಾಕೆಟ್ಟಿನ ಮೇಲೆ "ವಿಪ್ಪಿಂಗ್ ಕ್ರೀಮ್" ಎಂದಿರಬೇಕು, ಹಿಂಬದಿಯಲ್ಲಿ ಹಾಲಿನ ಕೊಬ್ಬಿನ ಪ್ರಮಾಣ ಬರೆದಿರಬೇಕು.

ಮನೆಯಲ್ಲಿ ದಿನಾ ತೆಗೆದಿಟ್ಟ ಕೆನೆಯಿಂದ ಆಗುತ್ತದೆಯೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಹಾಲು ಕಾಯಿಸಿದಾಗ ಮೇಲೆ ಕಟ್ಟುವ ಕೆನೆಯಲ್ಲಿ ಕೊಬ್ಬಿನ ಜೊತೆ ಹಾಲಿನ ಪ್ರೋಟೀನೂ ಹೆಪ್ಪುಗಟ್ಟಿ ಪದರವಾಗಿರುತ್ತದೆ, ಗುಂಡುಗಳು ಆಗಲೇ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಕಡೆದರೆ ನೊರೆಯ ಹಂತ ದಾಟಿ ಸೀದಾ ಬೆಣ್ಣೆಗೆ ಹೋಗುತ್ತದೆ. ಅದು ಎಮ್ಮೆ ಹಾಲಿನ ಕೆನೆಯಾದರೂ ಅಷ್ಟೇ.

ಇನ್ನು ಬೇಕರಿಯ ಕೇಕಿನ ಮೇಲಿರುವ ಬೆಳ್ಳಗಿನ ಕ್ರೀಮು. ಅದು ಬಹುಪಾಲು ಹಾಲಿನದಲ್ಲ. ಹೈಡ್ರೋಜನೀಕರಿಸಿದ ತಾಳೆಬೀಜದ ಎಣ್ಣೆ, ನೀರು, ಸಕ್ಕರೆ, ಎಮಲ್ಸಿಫೈಯರ್, ಗೋಂದಿನಂಥ ಪದಾರ್ಥಗಳು ಸೇರಿದ ನಾನ್-ಡೈರಿ ವಿಪ್ ಟಾಪಿಂಗ್. ಇದರ ಹಿಂದೊಂದು ಸ್ವಾರಸ್ಯದ ಕಥೆಯಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಕ್ರೀಮಿಗೆ ನಿರ್ಬಂಧ ಬಂದಿತ್ತು. ಬಫಲೋ ನಗರದ ಹಾಲಿನ ವ್ಯಾಪಾರಿ ರಾಬರ್ಟ್ ರಿಚ್ 1945ರಲ್ಲಿ ಸೋಯಾದಿಂದ ಬದಲಿ ಕ್ರೀಮು ಮಾಡಿದರು. ಗಿರಾಕಿಗಳಿಗೆ ತೋರಿಸಲೆಂದು ಡ್ರೈ ಐಸ್ ಇಟ್ಟು ಕಟ್ಟಿಕೊಂಡು ರೈಲು ಹತ್ತಿದರೆ, ಇಳಿಯುವಷ್ಟರಲ್ಲಿ ಅದು ಕಲ್ಲಾಗಿತ್ತು. ಹಾಲಿನ ಕ್ರೀಮನ್ನು ಹೀಗೆ ಹೆಪ್ಪುಗಟ್ಟಿಸಿದರೆ ಮತ್ತೆ ಸರಿಯಾಗಿ ನೊರೆ ಬರುವುದಿಲ್ಲ. ಇದು ಕರಗಿದ ಮೇಲೂ ಚೆನ್ನಾಗಿ ಉಬ್ಬಿತು. ಇವತ್ತು ದಾವಣಗೆರೆ, ಶಿವಮೊಗ್ಗದ ಬೇಕರಿ ಸಾಮಾನಿನ ಅಂಗಡಿಗಳ ಫ್ರೀಜರ್‌ಗಳಲ್ಲಿ ಕಲ್ಲಿನಂತೆ ಬಿದ್ದಿರುವ ಒಂದು ಲೀಟರ್ ಡಬ್ಬಗಳು ಆ ವಂಶದವೇ.

ಈ ಡಬ್ಬ ಬಳಸುವುದಕ್ಕೆ ಕ್ರಮವಿದೆ. ಮೈನಸ್ 18 ಡಿಗ್ರಿಯಲ್ಲಿ ಇರಬೇಕಾದ್ದು. ಬಳಸುವ ಹಿಂದಿನ ದಿನ ಫ್ರಿಜ್‌ನ ಕೆಳಖಾನೆಗೆ ಇಳಿಸಿ ನಿಧಾನಕ್ಕೆ ಕರಗಲು ಬಿಡಿ. ಅವಸರಕ್ಕೆ ಬಿಸಿನೀರಲ್ಲಿ ಇಟ್ಟರೆ ಹೊರಭಾಗ ಬೆಚ್ಚಗಾಗಿ ಒಳಗೆ ಗಡ್ಡೆ ಉಳಿಯುತ್ತದೆ. ಕಡೆಯುವಾಗ 7ರಿಂದ 10 ಡಿಗ್ರಿ ಇದ್ದರೆ ಸಾಕು, ಕೈಗೆ ಚುರುಕ್ಕೆನ್ನುವಷ್ಟು ತಂಪು. ಮಧ್ಯಮ ವೇಗ ಸಾಕು. ಜೋರು ಓಡಿಸಿದರೆ ಬೇಗ ಉಬ್ಬುತ್ತದೆ ನಿಜ, ಗುಳ್ಳೆಗಳು ದೊಡ್ಡದಾಗಿ ಮೇಲ್ಮೈ ತೂತು ತೂತಾಗುತ್ತದೆ. ಮೂರು ಪಟ್ಟಿಗೂ ಹೆಚ್ಚು ಉಬ್ಬುವುದರಿಂದ ಬೋಗುಣಿ ದೊಡ್ಡದಿರಲಿ. ಸಕ್ಕರೆ ಆಗಲೇ ಸೇರಿರುತ್ತದೆ, ಮತ್ತೆ ಹಾಕಬೇಡಿ. ಬೇರೆ ಸ್ಟೆಬಿಲೈಸರೂ ಬೇಡ. ಒಮ್ಮೆ ಕರಗಿದ್ದನ್ನು ಮತ್ತೆ ಫ್ರೀಜರ್‌ಗೆ ತಳ್ಳಬೇಡಿ, ಮುಂದಿನ ಸಲ ಕಾಳು ಕಾಳಾಗುತ್ತದೆ. ಬೇಸಿಗೆಯಲ್ಲಿ ಕರೆಂಟ್ ಕೈಕೊಡುವ ಊರಿನಲ್ಲಿ ತಿಂಗಳ ಸ್ಟಾಕ್ ಇಟ್ಟುಕೊಳ್ಳುವ ಬದಲು ಆರ್ಡರ್ ಇದ್ದಷ್ಟೇ ತರುವುದು ಜಾಣತನ. ಕೊಳ್ಳುವಾಗ ಕೊಬ್ಬಿನ ವಿವರವನ್ನೂ ಓದಿ: ಎಣ್ಣೆ-ಕೊಬ್ಬುಗಳಲ್ಲಿ ಟ್ರಾನ್ಸ್ ಫ್ಯಾಟ್ ಶೇ. 2 ಮೀರಬಾರದೆಂಬ ಎಫ್‌ಎಸ್‌ಎಸ್‌ಎಐ ನಿಯಮ 2022ರ ಜನವರಿಯಿಂದ ಜಾರಿಯಲ್ಲಿದೆ.

ರುಚಿಯ ಮಾತಿಗೆ ಬಂದರೆ ನನ್ನ ಓಟು ಹಾಲಿನ ಕ್ರೀಮಿಗೇ. ನಾನ್-ಡೈರಿಯದು ನಾಲಗೆಗೆ ಮೇಣದಂತೆ ಅಂಟುತ್ತದೆ. ಹಾಲಿನದು ಬಾಯಲ್ಲಿಟ್ಟ ಕೂಡಲೇ ಕರಗುತ್ತದೆ. ಬಾಯಲ್ಲಿ ಕರಗುವ ಆ ಗುಣವೇ ಏಪ್ರಿಲ್ ತಿಂಗಳಲ್ಲಿ ಟೇಬಲ್ ಮೇಲೂ ಕರಗಿಸಿಬಿಡುತ್ತದೆ ಎನ್ನುವುದು ತೊಡಕು.

ಹಾಲಿನ ಕ್ರೀಮನ್ನು ನಿಲ್ಲಿಸುವ ಕೆಲಸ ಪಾತ್ರೆಯಿಂದ ಶುರು. ಸ್ಟೀಲ್ ಬೋಗುಣಿ, ಬೀಟರ್‌ನ ಕಡ್ಡಿಗಳು ಕಾಲು ಗಂಟೆ ಫ್ರೀಜರ್‌ನಲ್ಲಿರಲಿ. ಕ್ರೀಮು ಹಿಂದಿನ ರಾತ್ರಿಯಿಂದಲೇ ಫ್ರಿಜ್‌ನಲ್ಲಿರಲಿ. ಜಗಳೂರಿನಂಥ ಕಡೆ ಇದಿಷ್ಟೇ ಸಾಲದು: ಅಗಲದ ಪಾತ್ರೆಯಲ್ಲಿ ಐಸ್ ತುಂಬಿ, ಒಂದು ಹಿಡಿ ಕಲ್ಲುಪ್ಪು ಎರಚಿ, ಅದರಲ್ಲಿ ಬೋಗುಣಿ ಕೂರಿಸಿ ಕಡೆಯಿರಿ. ಫ್ಯಾನ್ ಕೆಳಗೆ ಬೇಡ, ಬೆಳಿಗ್ಗೆ ಆರು-ಏಳರೊಳಗೆ ಮುಗಿಸಿದರೆ ಇನ್ನೂ ಒಳ್ಳೆಯದು. ಮಿಕ್ಸಿ ಜಾರ್ ಮಾತ್ರ ಮುಟ್ಟಬೇಡಿ. ಅದರ ವೇಗಕ್ಕೂ ಕಾವಿಗೂ ನೊರೆ ಯಾವಾಗ ಬಂತು, ಬೆಣ್ಣೆ ಯಾವಾಗ ಆಯಿತು ಎಂಬುದೇ ತಿಳಿಯುವುದಿಲ್ಲ.

ಕಡೆಯುವಾಗ ಗಡಿಯಾರಕ್ಕಿಂತ ಬೋಗುಣಿಯನ್ನು ನೋಡಿ. ಮೊದಲು ದೊಡ್ಡ ಗುಳ್ಳೆ, ಆಮೇಲೆ ಸಣ್ಣ ನೊರೆ. ಸ್ವಲ್ಪ ಹೊತ್ತಿಗೆ ಕಡ್ಡಿಗಳು ಓಡಿದ ಜಾಡು ಕ್ರೀಮಿನ ಮೇಲೆ ಗೆರೆಯಾಗಿ ಉಳಿಯತೊಡಗುತ್ತದೆ. ಬೀಟರ್ ನಿಲ್ಲಿಸಿ ಮೇಲೆತ್ತಿದರೆ ತುದಿ ಎದ್ದು ಬಾಗುತ್ತದೆ. ಸ್ಟೆಬಿಲೈಸರ್ ಸೇರಿಸುವ ಹೊತ್ತು ಇದೇ. ತುದಿ ಬಾಗದೆ ನೆಟ್ಟಗೆ ನಿಂತರೆ ಮುಗಿಯಿತು. ಬಾಗುವ ತುದಿಗೂ ನಿಲ್ಲುವ ತುದಿಗೂ ನಡುವೆ ಅರ್ಧ ನಿಮಿಷವೂ ಇರದು, ಹಾಗಾಗಿ ಕೊನೆಗೆ ವೇಗ ತಗ್ಗಿಸಿ.

ಯಾವ ಸ್ಟೆಬಿಲೈಸರ್? 250 ಮಿ.ಲೀ. ಕ್ರೀಮಿನ ಲೆಕ್ಕದಲ್ಲಿ ಹೇಳುತ್ತೇನೆ. ನಾನು ಮೊದಲು ಹೇಳುವುದು ಕಾರ್ನ್ ಫ್ಲೋರ್, ಎಲ್ಲ ಊರಲ್ಲೂ ಸಿಗುತ್ತದೆ, ಎಲ್ಲ ಮನೆಗೂ ಆಗುತ್ತದೆ. ಕ್ರೀಮಿನಲ್ಲೇ 50 ಮಿ.ಲೀ. ತೆಗೆದು, 2 ಟೀ ಚಮಚ ಕಾರ್ನ್ ಫ್ಲೋರ್, 2 ದೊಡ್ಡ ಚಮಚ ಪುಡಿ ಸಕ್ಕರೆ ಸೇರಿಸಿ ಗಂಟಿಲ್ಲದಂತೆ ಕಲಸಿ. ಸಣ್ಣ ಉರಿಯಲ್ಲಿ ಕುದಿ ಬಂದು ಅಂಬಲಿಯಷ್ಟು ದಪ್ಪವಾಗುವವರೆಗೆ ತಿರುವಿ. ಪೂರ್ತಿ ಆರಿಸಿ. ತುದಿ ಬಾಗುವ ಹಂತದಲ್ಲಿ ಚಮಚ ಚಮಚವಾಗಿ ಕ್ರೀಮಿಗೆ ಸೇರಿಸಿ. ಹಸಿ ಹಿಟ್ಟನ್ನೇ ಸುರಿದರೆ ನೀರು ಹಿಡಿಯುವುದಿಲ್ಲ, ಬಾಯಿಗೆ ಹಿಟ್ಟು ಹಿಟ್ಟಾಗುತ್ತದೆ. ಪಿಷ್ಟ ಬೆಂದರೇ ಅದು ನೀರು ಕುಡಿಯುವುದು.

ಅಷ್ಟೂ ಪುರುಸೊತ್ತಿಲ್ಲದಿದ್ದರೆ 2 ದೊಡ್ಡ ಚಮಚ ಹಾಲಿನ ಪುಡಿಯನ್ನು ಸಕ್ಕರೆಯೊಂದಿಗೆ ಜರಡಿ ಹಿಡಿದು ಮೊದಲೇ ಸೇರಿಸಿ ಕಡೆಯಿರಿ. ಸಂಜೆ ಮಾಡಿ ರಾತ್ರಿ ಕತ್ತರಿಸುವ ಕೇಕಿಗೆ ಸಾಕು.

ಜೆಲಾಟಿನ್ ಹಿಡಿತ ಇವೆರಡಕ್ಕಿಂತ ಬಲ. ಆದರೆ ಅದು ಪ್ರಾಣಿಯ ಚರ್ಮ, ಮೂಳೆಯಿಂದ ತೆಗೆಯುವ ಪದಾರ್ಥ. ಮಾಂಸ ಮುಟ್ಟದ ಮನೆಯವರು "ಎಗ್‌ಲೆಸ್ ಇರಲಿ" ಎಂದು ಹೇಳಿ ಮಾಡಿಸುವ ಕೇಕಿಗೆ ಹೇಳದೆ ಕೇಳದೆ ಜೆಲಾಟಿನ್ ಹಾಕುವುದು ಸರಿಯಲ್ಲ. ಒಪ್ಪಿಗೆಯಿದ್ದರೆ ಒಂದು ಟೀ ಚಮಚವನ್ನು ನಾಲ್ಕು ಚಮಚ ತಣ್ಣೀರಲ್ಲಿ ಐದು ನಿಮಿಷ ನೆನೆಸಿ, ಬಿಸಿನೀರಿನ ಮೇಲಿಟ್ಟು ಕರಗಿಸಿ, ಉಗುರುಬೆಚ್ಚಗಾದ ಮೇಲೆ ಸಣ್ಣ ಧಾರೆಯಾಗಿ ಸುರಿಯುತ್ತ ಕಡೆಯಿರಿ. ಬಿಸಿ ಇದ್ದಾಗ ಸುರಿದರೆ ಕೊಬ್ಬು ಕರಗುತ್ತದೆ, ಪೂರಾ ತಣ್ಣಗಾದ ಮೇಲೆ ಸುರಿದರೆ ಕ್ರೀಮಿನಲ್ಲಿ ದಾರ ದಾರವಾಗುತ್ತದೆ. ಇನ್ನೊಂದು ವಿಷಯ: ಹಸಿ ಅನಾನಸ್, ಪಪ್ಪಾಯಿಯಲ್ಲಿರುವ ಕಿಣ್ವ ಜೆಲಾಟಿನ್ನನ್ನು ಕತ್ತರಿಸಿಹಾಕುತ್ತದೆ. ನಮ್ಮ ಕಡೆ ಹೆಚ್ಚು ಬೇಡಿಕೆಯಿರುವುದೇ ಪೈನಾಪಲ್ ಕೇಕಿಗೆ. ಹಣ್ಣನ್ನು ಸಕ್ಕರೆ ಪಾಕದಲ್ಲಿ ಕುದಿಸಿ, ರಸ ಚೆನ್ನಾಗಿ ಬಸಿದು ಬಳಸಿ. ಕುದಿಸಿದರೆ ಕಿಣ್ವ ಸಾಯುತ್ತದೆ.

ಚೈನಾ ಗ್ರಾಸ್ ಕಡಲಪಾಚಿಯದು, ಸಸ್ಯಾಹಾರ. ಆದರೆ ಅದರ ಸ್ವಭಾವ ಬೇರೆ. ಚೆನ್ನಾಗಿ ಕುದಿಸದೆ ಕರಗುವುದಿಲ್ಲ, 40 ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗಿಬಿಡುತ್ತದೆ. ಜೆಲಾಟಿನ್ ಹಾಗೆ ತಣ್ಣನೆ ಕ್ರೀಮಿಗೆ ಸುರಿದರೆ ಬಿದ್ದಲ್ಲೇ ಹರಳು. ಕಾಲು ಟೀ ಚಮಚ ಪುಡಿಯನ್ನು 50 ಮಿ.ಲೀ. ಹಾಲಲ್ಲಿ ಎರಡು ನಿಮಿಷ ಕುದಿಸಿ, ಗಟ್ಟಿಯಾಗಲು ಬಿಟ್ಟು, ನುಣ್ಣಗೆ ಮಸೆದು ಸೇರಿಸುವುದೊಂದೇ ದಾರಿ. ತಾಪತ್ರಯದ ಕೆಲಸ. ಕಾರ್ನ್ ಫ್ಲೋರ್ ಇರುವಾಗ ಇದಕ್ಕೆ ಯಾಕೆ ಹೋಗಬೇಕೋ ನನಗೆ ಗೊತ್ತಾಗಿಲ್ಲ.

ಇಷ್ಟೆಲ್ಲ ಮಾಡಿದರೆ ಫ್ರಿಜ್‌ನೊಳಗೆ ಹಾಲಿನ ಕ್ರೀಮಿನ ಹೂವು ಮರುದಿನದವರೆಗೂ ನೀರು ಬಿಡದೆ ನಿಲ್ಲುತ್ತದೆ. ಫ್ರಿಜ್‌ನ ಹೊರಗೆ ಲೆಕ್ಕವೇ ಬೇರೆ. ಹಾಲಿನ ಕೊಬ್ಬು 20 ಡಿಗ್ರಿ ದಾಟಿದಾಗಲೇ ಬಹುಪಾಲು ಮೆತ್ತಗಾಗಿರುತ್ತದೆ, 35ರ ಹೊತ್ತಿಗೆ ಎಣ್ಣೆ. ಜೆಲಾಟಿನ್ ಕೂಡ ಅಷ್ಟರಲ್ಲಿ ಕರಗಿರುತ್ತದೆ. 32 ಡಿಗ್ರಿ ಮೀರಿದ ಕೋಣೆಯಲ್ಲಿ ಹಾಲಿನ ಪದಾರ್ಥವನ್ನು ಒಂದು ಗಂಟೆಗಿಂತ ಹೆಚ್ಚು ಹೊರಗಿಡಬಾರದು ಎನ್ನುವುದು ಆರೋಗ್ಯದ ದೃಷ್ಟಿಯಿಂದಲೂ ಸರಿ. ನೋಡಲು ಚೆನ್ನಾಗಿದ್ದರೂ ಅಷ್ಟರಲ್ಲಿ ಕೆಡಲು ಶುರುವಾಗಿರಬಹುದು.

ಸಾಗಿಸುವಾಗ ಕೇಕಿನ ಡಬ್ಬಿಯನ್ನು ಥರ್ಮೋಕೋಲ್ ಪೆಟ್ಟಿಗೆಯೊಳಗಿಟ್ಟು, ಅಕ್ಕಪಕ್ಕ ಐಸ್ ಪ್ಯಾಕ್ ಸೇರಿಸಿ, ಅದು ಕೇಕಿಗೆ ತಗಲದಂತೆ ರಟ್ಟು ಅಡ್ಡ ಕೊಡಿ. ಬಸ್ಸಿನಲ್ಲಿ ಎಂಜಿನ್ ಪಕ್ಕದ ಜಾಗ ಬೇಡ. ಮಳೆಗಾಲದಲ್ಲಿ ತಲುಪಿದ ಕೂಡಲೇ ಪೆಟ್ಟಿಗೆ ತೆರೆಯದೆ ಕಾಲು ಗಂಟೆ ಹಾಗೇ ಬಿಟ್ಟರೆ ಬೆವರುವುದು ಕಡಿಮೆ. ಬಣ್ಣಕ್ಕೆ ನೀರಿನಂಥದ್ದು ಬಿಟ್ಟು ಜೆಲ್ ಬಣ್ಣವನ್ನೇ ಬಳಸಿ.

ಮನೆಯಿಂದ ಆರ್ಡರ್ ಹಿಡಿಯುವವರು ಎಷ್ಟು ಕೆ.ಜಿ., ಯಾವ ಬಣ್ಣ ಎನ್ನುವ ಮೊದಲು ಎರಡು ಮಾತು ಕೇಳಿಕೊಳ್ಳಿ: ಕೇಕು ಎಷ್ಟು ಗಂಟೆಗೆ ಕತ್ತರಿಸುತ್ತೀರಿ, ಅಲ್ಲಿಯವರೆಗೆ ಇಡಲು ಫ್ರಿಜ್ ಇದೆಯೇ. ಫ್ರಿಜ್ ಇದೆ ಎಂದರೆ ಹಾಲಿನ ಕ್ರೀಮು, ಕಾರ್ನ್ ಫ್ಲೋರ್ ಜೊತೆ. ಕಲ್ಯಾಣ ಮಂಟಪದಲ್ಲಿ ಒಂದೆರಡು ಗಂಟೆ ಟೇಬಲ್ ಮೇಲೆ ಇರುತ್ತದೆ ಎಂದರೆ ನಾನ್-ಡೈರಿ, ಹಾಗೆಂದು ಅವರಿಗೆ ಹೇಳಿಯೇ ಮಾಡಿ. ಏಪ್ರಿಲ್ ಮಧ್ಯಾಹ್ನ, ಶಾಮಿಯಾನದ ಕೆಳಗೆ ಎಂದರೆ ಕ್ರೀಮಿನ ಆಸೆಯನ್ನೇ ಬಿಡಿಸಿ, ಜಾಮ್ ಸವರಿ ಕೊಬ್ಬರಿ ಉದುರಿಸಿದ ಹನಿ ಕೇಕ್ ಮಾಡಿಕೊಡಿ.