ಅಂಗೈಯೇ ದೇವರಮನೆ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಕಡೆ ಮನೆ ನೋಡಲು ಹೊರಟವರು ಮೊದಲು ಕೇಳುವುದು ನೀರು ಹೇಗೆ ಬರುತ್ತದೆ ಎಂದು. ಆಮೇಲೆ ಕೇಳುವುದು ದೇವರಮನೆ ಯಾವ ದಿಕ್ಕಿಗಿದೆ ಎಂದು. 20×30ರ ನಿವೇಶನದಲ್ಲಿ ಎದ್ದ ಮನೆಯಲ್ಲಿ ಅಡುಗೆಮನೆಯ ಗೂಡೇ ದೇವರಮನೆ. ಬಾಡಿಗೆಯ ಒಂದು ಕೋಣೆಯಲ್ಲಿ ಅದೂ ಇಲ್ಲ. “ನಮ್ಮಲ್ಲಿ ಪೂಜೆಗೆ ಅನುಕೂಲವಿಲ್ಲ” ಎಂಬ ಮಾತು ಹೀಗೆ ಹುಟ್ಟುತ್ತದೆ. ಬೇರೆಯವರು ಹೇಳಿದರೆ ಒಪ್ಪಬಹುದು, ಆದರೆ ವೀರಶೈವರ ಮನೆಗಳಲ್ಲಿಯೂ ಈ ಮಾತು ಕೇಳಿಬರುತ್ತಿರುವುದು ವಿಚಿತ್ರ. ಗುಡಿಯೂ ಬೇಡ, ನಡುವೆ ಪೂಜಾರಿಯೂ ಬೇಡ ಎಂದು ಹನ್ನೆರಡನೆಯ ಶತಮಾನದ ಶರಣರು ಲಿಂಗವನ್ನು ಭಕ್ತನ ಎದೆಯ ಮೇಲೇ ತಂದಿಟ್ಟರಲ್ಲವೆ? ಎಡದ ಅಂಗೈಯೇ ಪೀಠವಾದ ಮೇಲೆ ದಿಕ್ಕು, ಕೋಣೆ, ಬಾಗಿಲು ಇವುಗಳ ಚಿಂತೆ ಎಲ್ಲಿಯದು?

ರಾಜಾಜಿನಗರವು 1949ರ ಸುಮಾರಿನಲ್ಲಿ ಸಿ. ರಾಜಗೋಪಾಲಾಚಾರಿಯವರ ಹೆಸರಿನಲ್ಲಿ ತಲೆಯೆತ್ತಿದ ಕೈಗಾರಿಕಾ ಬಡಾವಣೆ. ತುಮಕೂರು, ಗುಬ್ಬಿ, ಕುಣಿಗಲ್, ಮಾಗಡಿಗಳ ಕಡೆಯಿಂದ ಕೆಲಸ ಹುಡುಕಿ ಬಂದ ನಮ್ಮವರು ಇಲ್ಲಿ ನೆಲೆಸಿದರು. ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕದ ಅಜ್ಜಿಯರ ಮನೆಯಿಂದ ಬಂದವರು ಅವರು. ಇಲ್ಲಿಯಾದರೋ ಬೆಳಗಿನ ಪಾಳಿಗೆ ಕತ್ತಲಲ್ಲೇ ಹೊರಡಬೇಕು. ಪೂಜೆ ಮೊದಲು ಭಾನುವಾರಕ್ಕೆ ಸರಿಯಿತು, ಆಮೇಲೆ ಶ್ರಾವಣ ಸೋಮವಾರಕ್ಕೆ, ಕೊನೆಗೆ ಶಿವರಾತ್ರಿಗೆ.

ಸಮಯವಿಲ್ಲ ಎನ್ನುವವರಿಗೆ ಸಿದ್ಧಗಂಗೆಯ ಡಾ. ಶಿವಕುಮಾರ ಸ್ವಾಮಿಗಳ (1907–2019) ದಿನಚರಿಯೊಂದೇ ಸಾಕು. ಸಾವಿರಾರು ಮಕ್ಕಳ ಅನ್ನ, ಅಕ್ಷರಗಳ ಭಾರ ಹೊತ್ತವರು ಅವರು. ಇಳಿವಯಸ್ಸಿನಲ್ಲಿಯೂ ಅವರ ದಿನ ಆರಂಭವಾಗುತ್ತಿದ್ದುದು ನಸುಕಿಗೆ ಮೊದಲೇ, ಇಷ್ಟಲಿಂಗದ ಪೂಜೆಯಿಂದ. ಅವರಷ್ಟು ಹೊತ್ತು ಕೂರಿರೆಂದು ಗೃಹಸ್ಥರಿಗೆ ಯಾರೂ ಹೇಳುವುದಿಲ್ಲ. ಕಾಲು ಗಂಟೆ ಸಾಕು.

ಆ ಕಾಲು ಗಂಟೆಯಲ್ಲಿ ಏನು ಮಾಡಬೇಕು? ಕೈಕಾಲು ತೊಳೆದು, ಒಂದು ಮಣೆಯ ಮೇಲೆ ಕುಳಿತು, ಮೂರು ಬೆರಳಿನಿಂದ ವಿಭೂತಿ ಧರಿಸಬೇಕು. ಎದುರಿಗೊಂದು ದೀಪ. ಕರಡಿಗೆಯಿಂದ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿರಿಸಿ ಎರಡು ಹನಿ ನೀರೆರೆದು, ಬಟ್ಟೆಯಿಂದ ಮೃದುವಾಗಿ ಒರೆಸಿ, ವಿಭೂತಿ ಹಚ್ಚಿ, ಪತ್ರೆಯೋ ಹೂವೋ ಇದ್ದದ್ದನ್ನು ಏರಿಸಬೇಕು. ದಿನವೂ ಪತ್ರೆ ಎಲ್ಲಿ ತರೋಣ ಎಂದು ಕೇಳುವವರಿದ್ದಾರೆ. ಒಮ್ಮೆ ಅರ್ಪಿಸಿದ ಬಿಲ್ವಪತ್ರೆಯನ್ನೇ ತೊಳೆದು ಮತ್ತೆ ಅರ್ಪಿಸಬಹುದೆಂದು ಹಿರಿಯರು ಎಂದೋ ದಾರಿ ತೋರಿಸಿದ್ದಾರೆ. ಇಷ್ಟಾದ ಮೇಲೆ ಅಂಗೈಯನ್ನು ಎದೆಗಿಂತ ಮೇಲಕ್ಕೆ ಎತ್ತಿ, ರೆಪ್ಪೆ ಬಡಿಯುವುದನ್ನು ಆದಷ್ಟು ಕಡಿಮೆ ಮಾಡಿ ಲಿಂಗವನ್ನು ನೋಡುತ್ತ ಕೂರಬೇಕು. ಲಿಂಗದ ಮೇಲಿನ ಕಪ್ಪು ಲೇಪದಲ್ಲಿ ದೀಪದ ಬೆಳಕು ಒಂದು ಚುಕ್ಕಿಯಾಗಿ ಹೊಳೆಯುತ್ತದೆ. ಆ ಚುಕ್ಕಿಯಲ್ಲಿ ಕಣ್ಣು ನಿಂತರೆ ಮನಸ್ಸೂ ನಿಲ್ಲುತ್ತದೆ. ಶಿವಯೋಗದ ಅನಿಮಿಷ ದೃಷ್ಟಿ ಎಂಬುದು ಇದೇ. ಉಳಿದದ್ದೆಲ್ಲ ಇದಕ್ಕೆ ಸಿದ್ಧತೆ. ಆದರೆ ನಮ್ಮಲ್ಲಿ ಬಹುಮಂದಿ ಸಿದ್ಧತೆಯನ್ನು ಮುಗಿಸಿ ನೋಟವನ್ನು ಬಿಟ್ಟು ಏಳುತ್ತಾರೆ!

ಜಪದ ವಿಷಯಕ್ಕೆ ಬರೋಣ. ಅಷ್ಟಾವರಣಗಳಲ್ಲಿ ಮಂತ್ರವೂ ಒಂದು. ಆ ಮಂತ್ರ ‘ನಮಃ ಶಿವಾಯ’ ಎಂಬ ಪಂಚಾಕ್ಷರಿ. ಕೃಷ್ಣ ಯಜುರ್ವೇದದ ರುದ್ರಾಧ್ಯಾಯದಲ್ಲಿ ಬರುವ ಈ ಐದಕ್ಷರಕ್ಕೆ ಓಂಕಾರ ಸೇರಿದರೆ ಷಡಕ್ಷರಿ. ಗಟ್ಟಿಯಾಗಿ ಹೇಳುವುದು ವಾಚಿಕ, ತುಟಿ ಮಾತ್ರ ಆಡುವುದು ಉಪಾಂಶು, ತುಟಿಯೂ ಆಡದೆ ಒಳಗೇ ನಡೆಯುವುದು ಮಾನಸ ಎಂದು ಜಪದಲ್ಲಿ ಮೂರು ಬಗೆ. ಒಂದಕ್ಕಿಂತ ಒಂದು ಮೇಲು. ಎಲ್ಲಕ್ಕಿಂತ ಮೇಲಿನದು ಸದ್ದಿಲ್ಲದ್ದು. ಈಗ ಮನೆಮನೆಯಲ್ಲಿ ಏನು ನಡೆಯುತ್ತಿದೆ? ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ ಪುಟ್ಟ ಪೆಟ್ಟಿಗೆಯೊಂದು ಹಗಲಿರುಳು ‘ಓಂ ನಮಃ ಶಿವಾಯ’ ಎನ್ನುತ್ತಿರುತ್ತದೆ. ಮನೆಯವರು ಅದರಡಿಯಲ್ಲಿ ಜಗಳವಾಡುತ್ತಾರೆ, ಲೆಕ್ಕ ಬರೆಯುತ್ತಾರೆ, ಟೀವಿ ನೋಡುತ್ತಾರೆ. ಕರೆಂಟು ಹೋದರೆ ಜಪವೂ ಹೋಯಿತು. ಮಲ್ಲಿಕಾರ್ಜುನ ಮನಸೂರರ ಕಂಠದಲ್ಲಿ ವಚನ ಕೇಳುವುದು ಬೇರೆ ಮಾತು. ಅದು ಕಿವಿಗೆ ಸಂಸ್ಕಾರ. ಆದರೆ ಜಪವನ್ನು ಇನ್ನೊಬ್ಬರಿಂದ, ಅದರಲ್ಲಿಯೂ ಯಂತ್ರದಿಂದ ಮಾಡಿಸಲು ಬರುವುದಿಲ್ಲ, ಊಟವನ್ನು ಮಾಡಿಸಲು ಬಾರದ ಹಾಗೆ. 2021ರಿಂದ ಕೆಂಗೇರಿಯವರೆಗೂ ಮೆಟ್ರೊ ರೈಲು ಓಡುತ್ತಿದೆ. ಅಲ್ಲಿ ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿಯುವ ಹೊತ್ತಿಗೆ ಪಕ್ಕದವರಿಗೂ ತಿಳಿಯದಂತೆ 108ರ ಎಣಿಕೆ ಮುಗಿಸಬಹುದು.

ಇನ್ನು ಲಿಂಗವನ್ನು ಧರಿಸುವ ಮಾತು. ಬಸ್ಸಿನ ನೂಕುನುಗ್ಗಲಿನಲ್ಲಿ ಬೆಳ್ಳಿಯ ಕರಡಿಗೆ ಯಾರಾದರೂ ಕತ್ತರಿಸಿಕೊಂಡು ಹೋದಾರೆಂಬ ಭಯದಿಂದ ಅದನ್ನು ಗೂಟಕ್ಕೆ ನೇತುಹಾಕಿ, ಇಲ್ಲವೆ ಬೀರುವಿನಲ್ಲಿಟ್ಟು ಹೊರಡುವವರು ಬಹಳ. ಭಯ ಸುಳ್ಳಲ್ಲ. ಆದರೆ ಕಳ್ಳನಿಗೆ ಬೇಕಾದದ್ದು ಬೆಳ್ಳಿ, ಲಿಂಗವಲ್ಲ. ಬೆಳ್ಳಿಯನ್ನು ಬೀರುವಿನಲ್ಲಿಟ್ಟು ಲಿಂಗವನ್ನು ಲಿಂಗವಸ್ತ್ರದಲ್ಲಿ ಕಟ್ಟಿ ಅಂಗಿಯೊಳಗೆ ಧರಿಸುವುದಕ್ಕೆ ಯಾವ ಅಡ್ಡಿ? ಬಡ ಶರಣರು ಧರಿಸಿದ್ದು ಹಾಗೆಯೇ. ಲಿಂಗವಂತನನ್ನು ಸಮಾಧಿಯಲ್ಲಿ ಕೂರಿಸುವಾಗ ಅವನ ಇಷ್ಟಲಿಂಗವನ್ನು ಅವನ ಅಂಗೈಯಲ್ಲಿಯೇ ಇಡುತ್ತೇವೆ. ಬದುಕಿರುವವರೆಗೆ ಗೂಟದಲ್ಲಿದ್ದು ಆ ದಿನ ಕೈಗೆ ಬರುವ ಲಿಂಗಕ್ಕೂ ಆ ಕೈಗೂ ಪರಿಚಯವಾದರೂ ಇರುತ್ತದೆಯೆ?

ಮುಖ್ಯವಾದ ಮಾತೊಂದು ಉಳಿದಿದೆ. ಶ್ರಾವಣದ ಪ್ರವಚನ ಮುಗಿದು ಜನ ಕರಗಿದ ಮೇಲೆ ಹಿಂದೆ ಉಳಿದ ತಾಯಂದಿರು ದನಿ ತಗ್ಗಿಸಿ ಕೇಳುವ ಪ್ರಶ್ನೆ ಅದು: “ಬುದ್ಧೀ, ಆ ಮೂರು ದಿನ ಲಿಂಗ ಮುಟ್ಟಬಹುದಾ?” ಮುಟ್ಟಬಹುದು. ಮುಟ್ಟಬಹುದೆಂಬುದೂ ಸಣ್ಣ ಮಾತಾಯಿತು, ಪೂಜೆಯನ್ನು ಬಿಡಬಾರದು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳು ಲಿಂಗಧಾರಿಗೆ ಇಲ್ಲ. ಶಿವಯೋಗಿ ಶಿವಾಚಾರ್ಯರ ‘ಸಿದ್ಧಾಂತ ಶಿಖಾಮಣಿ’ಯು ಲಿಂಗಾರ್ಚನೆಯಲ್ಲಿ ತೊಡಗಿದ ಸ್ತ್ರೀಗೆ ಋತುಕಾಲದ ಸೂತಕವಿಲ್ಲವೆಂದು ಸ್ಪಷ್ಟವಾಗಿ ಹೇಳುತ್ತದೆ. ಶರಣರದೂ ಅದೇ ಮಾತು. ಮಗು ಹುಟ್ಟಿದ ಕೆಲವೇ ದಿನಗಳಲ್ಲಿ, ತಾಯಿ ಇನ್ನೂ ಬಾಣಂತಿಯ ಕೋಣೆಯಲ್ಲಿರುವಾಗಲೇ ಕೂಸಿಗೆ ಲಿಂಗ ಕಟ್ಟುವ ಸಂಪ್ರದಾಯ ನಮ್ಮದು. ಸೂತಕವನ್ನು ನಂಬುವುದಾದರೆ ಆ ಕೋಣೆಯೊಳಕ್ಕೆ ಲಿಂಗ ಹೋದದ್ದಾದರೂ ಹೇಗೆ?

ಆದರೂ ನೆರೆಹೊರೆಯ ರೂಢಿ ನೋಡಿಯೋ, “ಏನಾದರೂ ಆದೀತು” ಎಂಬ ಅಂಜಿಕೆಯಿಂದಲೋ ಹೊರಗೆ ಕಳಿಸಿದ ಮಡಿ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದು ಕುಳಿತಿದೆ. ಅತ್ತೆ ಸೊಸೆಗೆ ಹೇಳುತ್ತಾಳೆ: “ಈಗ ಬೇಡ ಕಣಮ್ಮ, ನಾಲ್ಕನೇ ದಿನ ತಲೆಗೆ ನೀರು ಹಾಕ್ಕೊಂಡ್ಮೇಲೆ ಮುಟ್ಟೀಯಂತೆ.” ಹೇಳುವವಳಲ್ಲಿ ಕೆಟ್ಟ ಮನಸ್ಸಿಲ್ಲ, ತನ್ನ ಅತ್ತೆಯಿಂದ ಕೇಳಿದ್ದನ್ನು ದಾಟಿಸುತ್ತಿದ್ದಾಳೆ ಅಷ್ಟೆ. ಆದರೆ ಇದರ ಬೆಲೆ ತೆರುವವಳು ಮನೆಯ ಹುಡುಗಿ. ಅವಳು ದೊಡ್ಡವಳಾದ ದಿನ ಕೊರಳಿನಿಂದ ಲಿಂಗ ತೆಗೆದು ಬೀರುವಿಗೆ ಸೇರಿಸುತ್ತಾರೆ. ತಿಂಗಳು ತಿಂಗಳೂ ತೆಗೆದು ಹಾಕುವ ರಗಳೆ ಏಕೆಂದು ಅದು ಅಲ್ಲೇ ಉಳಿಯುತ್ತದೆ. ಮದುವೆಯಾಗಿ ಹೋಗುವಾಗ ಚಿನ್ನದ ಪಟ್ಟಿಯಲ್ಲಿ ಬೆಳ್ಳಿ ಕರಡಿಗೆಯೂ ಒಂದು ಸಾಲು. ಅಕ್ಕಮಹಾದೇವಿಯಿಂದ ಹಿಡಿದು ಮೂವತ್ತಕ್ಕೂ ಹೆಚ್ಚು ವಚನಕಾರ್ತಿಯರು ಆಗಿಹೋದ ಪರಂಪರೆಯಲ್ಲಿ ಹದಿಮೂರರ ಹುಡುಗಿಯೊಬ್ಬಳಿಗೆ ಹೀಗೆ ಲಿಂಗ ತಪ್ಪಿಹೋಗುತ್ತಿದೆ. ಗಂಡಸರು ಇದು ಹೆಂಗಸರ ವಿಷಯವೆಂದು ದೂರ ನಿಲ್ಲುವುದು ಸರಿಯಲ್ಲ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಮೂರು ದಿನವೂ ಪೂಜೆ ಮಾಡಿಸಬೇಕಾದವನು ತಂದೆ. ಅವನೇ ಕೂತರೆ ಅಜ್ಜಿಯ ಅಂಜಿಕೆಯೂ ತಾನಾಗಿ ಇಳಿಯುತ್ತದೆ.

ವರ್ಷಗಟ್ಟಲೆ ಬೀರುವಿನಲ್ಲಿದ್ದ ಲಿಂಗವನ್ನು ಮತ್ತೆ ಧರಿಸುವುದು ಹೇಗೆಂದು ಸಂಕೋಚಪಡುವವರಿಗೆ ಕೊನೆಯದೊಂದು ಮಾತು. ಮೇಲಿನ ಲೇಪ ಬಿರುಕು ಬಿಟ್ಟಿದೆಯೇ ಎಂದು ನೋಡಿಕೊಳ್ಳಿ. ಬಿಟ್ಟಿದ್ದರೆ, ಅಥವಾ ಲಿಂಗವೇ ಕಳೆದುಹೋಗಿದ್ದರೆ ಮನೆತನದ ಗುರುಗಳಲ್ಲಿಗೋ ಹತ್ತಿರದ ಮಠಕ್ಕೋ ಹೋಗಿ ವಿಷಯ ತಿಳಿಸಿ ಹೊಸದಾಗಿ ಪಡೆಯಬೇಕು. ಇಷ್ಟು ದಿನ ಏಕೆ ಬಿಟ್ಟಿರಿ ಎಂದು ಅಲ್ಲಿ ವಿಚಾರಣೆ ನಡೆಯುವುದಿಲ್ಲ. ಲೇಪ ಚೆನ್ನಾಗಿದ್ದರೆ ನೀರಿನಲ್ಲಿ ತೊಳೆದು, ವಿಭೂತಿ ಹಚ್ಚಿ, ನಾಳೆ ಬೆಳಿಗ್ಗೆಯೇ ಅಂಗೈಗೆ ತೆಗೆದುಕೊಳ್ಳಬಹುದು.